ಮರದ ಹೆಸರೂ ಶ್ರಾವಕನ ವ್ರತವೂ

ನಮ್ಮ ಆಗಮಗಳು ವನಸ್ಪತಿಯನ್ನು ಜಡವೆಂದು ಎಂದೂ ಹೇಳಲಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯುಗಳೊಡನೆ ವನಸ್ಪತಿಯನ್ನೂ ಸೇರಿಸಿ ಐದು ಬಗೆಯ ಸ್ಥಾವರ ಜೀವಗಳೆಂದು ಎಣಿಸಿ, ಅವಕ್ಕೆ ಸ್ಪರ್ಶವೊಂದೇ ಇಂದ್ರಿಯವೆಂದು ವಿವರಿಸಿದವು. ಗೃಹಸ್ಥನು ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲಾರನು. ಆದರೆ ನಿಷ್ಪ್ರಯೋಜನವಾಗಿ ಗಿಡಮರಗಳನ್ನು ಕಡಿಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದೊಳಗೆ ಸೇರಿಸಿದ್ದಾರೆ. ಇಷ್ಟನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಆದರೆ ಮನೆಯ ಹಿತ್ತಿಲಲ್ಲಿ, ಬಸದಿಯ ಪ್ರಾಕಾರದಲ್ಲಿ, ತೋಟದ ಅಂಚಿನಲ್ಲಿ ನಿಂತಿರುವ ಆ ಏಕೇಂದ್ರಿಯ ಜೀವಗಳಲ್ಲಿ ಹತ್ತನ್ನು ಹೆಸರು ಹಿಡಿದು ತೋರಿಸಿರೆಂದರೆ ತೋರಿಸಬಲ್ಲವರು ಎಷ್ಟು ಮಂದಿ? ತೆಂಗು, ಕಂಗು, ಮಾವು, ಹಲಸು ಆದ ಮೇಲೆ ನಾಲಗೆ ತಡವರಿಸುತ್ತದೆ. ಉಳಿದುದೆಲ್ಲ ನಮ್ಮ ಪಾಲಿಗೆ ಬರಿಯ ‘ಕಾಟುಮರ’.

ಮರದ ಹೆಸರನ್ನು ಸರಿಯಾಗಿ ತಿಳಿಯುವುದು ವಿರಾಮ ಕಾಲದ ವಿನೋದವಲ್ಲ, ಅದು ಅಹಿಂಸೆ, ಸತ್ಯ, ಅಚೌರ್ಯವೆಂಬ ಅಣುವ್ರತಗಳಿಗೆ ಸಂಬಂಧಪಟ್ಟ ಕರ್ತವ್ಯ ಎಂಬುದನ್ನು ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾನು ವಾಣಿಜ್ಯ ಪದವೀಧರನು. ಸಸ್ಯಶಾಸ್ತ್ರವನ್ನು ಕ್ರಮವಾಗಿ ಓದಿದವನಲ್ಲ. ಬಂಟ್ವಾಳದ ಪೇಟೆಯಲ್ಲಿ ಅಡಿಕೆ, ಕಾಳುಮೆಣಸು, ಕಾಡುತ್ಪತ್ತಿಗಳ ವ್ಯಾಪಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು. ಅರುವತ್ತು ತುಂಬಿದ ಮೇಲೆ ಅಂಗಡಿಯ ಹೊಣೆಯನ್ನು ಮಗನಿಗೆ ಒಪ್ಪಿಸಿ, ಶಾಸ್ತ್ರವಾಚನಕ್ಕೆ ಕುಳಿತಾಗ ಗ್ರಂಥಗಳಲ್ಲಿ ಬರುವ ವೃಕ್ಷನಾಮಗಳು ನನ್ನನ್ನು ತಡೆದು ನಿಲ್ಲಿಸಿದವು. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯು ಪ್ರತಿಯೊಬ್ಬ ತೀರ್ಥಂಕರರಿಗೂ ಕೇವಲಜ್ಞಾನವಾದ ಅಶೋಕವೃಕ್ಷವು ಯಾವ ಜಾತಿಯದೆಂದು ಹೇಳುತ್ತದೆ. ಆದಿನಾಥರಿಗೆ ನ್ಯಗ್ರೋಧ, ಅಜಿತನಾಥರಿಗೆ ಸಪ್ತಪರ್ಣ, ಚಂದ್ರಪ್ರಭರಿಗೆ ನಾಗ, ಮಲ್ಲಿನಾಥರಿಗೆ ಕಂಕೇಲಿ ಅರ್ಥಾತ್ ಅಶೋಕ, ಮುನಿಸುವ್ರತರಿಗೆ ಚಂಪಕ, ನಮಿನಾಥರಿಗೆ ಬಕುಳ, ವರ್ಧಮಾನರಿಗೆ ಸಾಲ. ಈ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ. ಇವುಗಳಲ್ಲಿ ಯಾವುದು ನಮ್ಮ ನೆಲದಲ್ಲಿದೆ, ಇಲ್ಲಿನವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಉತ್ತರಕ್ಕಾಗಿ ನಾನು ಇಬ್ಬರನ್ನು ಆಶ್ರಯಿಸಿದೆ. ಒಬ್ಬರು ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಮಲೆಕುಡಿಯ ಸಮುದಾಯದ ವಯೋವೃದ್ಧರು. ಸೀಗೆ, ಪುನರ್ಪುಳಿಯ ಸಿಪ್ಪೆ, ರಾಮಪತ್ರೆ, ಧೂಪಗಳನ್ನು ಅವರ ಮನೆಯವರು ತಲೆಮಾರುಗಳಿಂದ ಪೇಟೆಗೆ ತರುತ್ತಿದ್ದರು. ಇನ್ನೊಬ್ಬರು ಮೂಡುಬಿದಿರೆಯ ಸಮೀಪದಲ್ಲಿ ನೆಲಸಿರುವ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕರು. ಮೊದಲನೆಯವರು ಮರದ ತೊಗಟೆಯನ್ನು ಅಂಗೈಯಿಂದ ಸವರಿ, ಕೆಳಗೆ ಬಿದ್ದ ಎಲೆಯನ್ನು ಹಿಸುಕಿ ಮೂಸಿ, ತುಳುವಿನಲ್ಲಿ ಹೆಸರು ಹೇಳುವರು. ಬಿದ್ದ ಎಲೆ ಇರುವಾಗ ಕೊಂಬೆಯ ಎಲೆಯನ್ನು ಅವರು ಕೀಳುತ್ತಿರಲಿಲ್ಲ. ಎರಡನೆಯವರು ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದಾಗಿವೆಯೋ, ಹಾಲು ಒಸರುತ್ತದೆಯೋ ಇಲ್ಲವೋ, ಹೂವಿನ ದಳಗಳೆಷ್ಟು ಎಂದು ವಿಚಾರಿಸಿ, ಗ್ರಂಥವನ್ನು ತೆರೆದು ಶಾಸ್ತ್ರೀಯ ನಾಮವನ್ನು ಹೇಳುವರು. ನಾನು ಲೆಕ್ಕದ ಪುಸ್ತಕದಲ್ಲಿ ಜಮೆ–ಖರ್ಚಿನಂತೆ ಎರಡು ಅಂಕಣ ಎಳೆದು ಎರಡೂ ಹೆಸರುಗಳನ್ನು ಬರೆದುಕೊಂಡೆನು. ಆ ಎರಡು ಅಂಕಣಗಳನ್ನು ಹೊಂದಿಸಿ ನೋಡುವುದರಲ್ಲಿಯೇ ನನ್ನ ಕಲಿಕೆ ಸಾಗಿತು.

ಮೊದಲು ಊರ ಹೆಸರಿನ ಬಲವನ್ನು ಹೇಳಬೇಕು. ತುಳುವಿನಲ್ಲಿ ಬಕುಳಕ್ಕೆ ರೆಂಜೆ, ಕವಲು ಮರಕ್ಕೆ ದಡ್ಡಾಲ್, ಹೆಬ್ಬಲಸಿಗೆ ಪೆಜ, ಶ್ರೀತಾಳೆಗೆ ಪಣೋಲಿ, ಆಲಕ್ಕೆ ಗೋಳಿ. ಈ ಮಾತುಗಳು ಮರದೊಡನೆ ಅದರ ಉಪಯೋಗವನ್ನೂ ಋತುವನ್ನೂ ನೆಲದ ಗುಣವನ್ನೂ ಹೊತ್ತು ಬರುತ್ತವೆ. ಊರ ಹೆಸರುಗಳಲ್ಲಿ ಅವು ಶಿಲಾಲೇಖದಂತೆ ನಿಂತಿವೆ. ಬಂಟ್ವಾಳ ತಾಲೂಕಿನ ನೇರಳಕಟ್ಟೆ, ಪಣೋಲಿಬೈಲುಗಳನ್ನು ನೋಡಿರಿ. ಬೆಳ್ತಂಗಡಿಯ ಕಾಯರ್ತಡ್ಕವೆಂಬ ಹೆಸರು ಕಿವಿಗೆ ಬಿದ್ದೊಡನೆ ತುಳುವರ ಕಾಯೆರ್, ಎಂದರೆ ಕಾಸರಕದ ಮರ ನೆನಪಾಗುತ್ತದೆ. ನಮ್ಮ ಜೈನಕಾಶಿಯ ಹೆಸರಿನಲ್ಲಿಯೂ ಬಿದಿರೇ ಇದೆ. ಸಂಸ್ಕೃತದಲ್ಲಿ ಅದನ್ನು ವೇಣುಪುರವೆಂದು ಕರೆದರು. ೧೮೮೬ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ಮ್ಯಾನರನ ತುಳು ಕೋಶವೂ, ೧೯೮೮ರಿಂದ ೧೯೯೭ರವರೆಗೆ ಉಡುಪಿಯಲ್ಲಿ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟುವೂ ಇಂಥ ಹೆಸರುಗಳನ್ನು ಕಾಪಾಡಿವೆ. ಆದರೆ ಹೆಸರು ಪುಸ್ತಕದಲ್ಲಿದ್ದರೆ ಸಾಲದು. ಮರವನ್ನು ನೋಡಿ ಅದೇ ಇದು ಎನ್ನುವ ಕಣ್ಣು ಬೇಕು. ಆ ಕಣ್ಣುಳ್ಳವರು ನಮ್ಮ ನಡುವಿನಿಂದ ಒಬ್ಬೊಬ್ಬರಾಗಿ ಕಳಚಿಹೋಗುತ್ತಿದ್ದಾರೆ.

ಊರ ಹೆಸರಿಗೆ ಒಂದು ಮಿತಿಯೂ ಉಂಟು. ಒಂದೇ ಹೆಸರು ಹಲವು ಮರಗಳಿಗೆ ಸಲ್ಲುತ್ತದೆ. ‘ಧೂಪದ ಮರ’ ಎಂದರೆ ಯಾವುದು? ಬಿಳಿಯ ರಾಳವನ್ನು ಕೊಡುವ ಸಾಲುಧೂಪವು ವಟೇರಿಯ ಇಂಡಿಕ. ಕಪ್ಪು ರಾಳವನ್ನು ಕೊಡುವ ರಾಳಧೂಪವು ಕೆನೇರಿಯಂ ಸ್ಟ್ರಿಕ್ಟಂ. ಗುಗ್ಗುಳಧೂಪವೆಂದು ಹಾಲುಮಡ್ಡಿಯ ಅಂಟನ್ನು ಮಾರುವುದೂ ಉಂಟು. ಅದು ಐಲಾಂಥಸ್ ಟ್ರೈಫೈಸ. ಮೂರೂ ಬೇರೆ ಬೇರೆ ಕುಟುಂಬದ ಮರಗಳು. ಬಸದಿಯ ಧೂಪಾರತಿಗೆ ಬೇಕಾದುದು ಯಾವುದು ಎಂದು ಕೇಳಿದರೆ ‘ಧೂಪ’ ಎಂಬೊಂದೇ ಉತ್ತರ ಬರುತ್ತದೆ. ಈ ಮೂರರಲ್ಲಿ ಸಾಲುಧೂಪವು ವರ್ಧಮಾನ ಸ್ವಾಮಿಯ ಸಾಲವೃಕ್ಷದ ಕುಟುಂಬಕ್ಕೇ ಸೇರಿದುದೆಂದು ತಿಳಿದಾಗ ನನಗಾದ ಹರ್ಷ ಹೇಳತೀರದು. ಸಾಲವು ನಮ್ಮ ಸೀಮೆಯ ಕಾಡುಗಳಲ್ಲಿ ತಾನಾಗಿ ಬೆಳೆಯುವುದಿಲ್ಲ. ಅದರ ದಾಯಾದಿಗಳಾದ ಧೂಪವೂ ಕಿರಾಲುಬೋಗಿಯೂ ಇಲ್ಲಿವೆ. ಈ ನಂಟನ್ನು ತೋರಿಸಿಕೊಟ್ಟುದು ಶಾಸ್ತ್ರೀಯ ನಾಮದ ಅಂಕಣ.

ವ್ಯಾಪಾರಿಗೆ ಹೆಸರಿನ ಪ್ರಶ್ನೆಯು ಧರ್ಮದ ಪ್ರಶ್ನೆಯಾಗುವುದು ನಾಗಕೇಸರದಲ್ಲಿ. ನಿಜವಾದ ನಾಗಕೇಸರವು ಮೆಸುವಾ ಫೆರಿಯ. ಎಳೆಯ ಎಲೆ ಕೆಂಪು, ಹೂವಿಗೆ ನಾಲ್ಕು ಬಿಳಿಯ ದಳ, ನಡುವೆ ಹೊಂಬಣ್ಣದ ಕೇಸರಗಳ ರಾಶಿ, ಮರವು ಕಬ್ಬಿಣದಷ್ಟು ಗಟ್ಟಿ. ಚಂದ್ರಪ್ರಭರ ನಾಗವೃಕ್ಷವು ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ೧೪೩೦ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ನಾವು ಕೈಮುಗಿಯುವುದು ಆ ಚಂದ್ರನಾಥ ಸ್ವಾಮಿಗೇ. ಆದರೆ ಮಾರುಕಟ್ಟೆಯಲ್ಲಿ ಕೆಂಪು ನಾಗಕೇಸರವೆಂಬ ಹೆಸರಿನಲ್ಲಿ ಬರುವುದು ಬಹುತೇಕ ಸುರಗಿಯ ಮೊಗ್ಗು. ಕಪ್ಪು ನಾಗಕೇಸರವೆಂದು ಬರುವುದು ದಾಲ್ಚಿನ್ನಿಯ ಜಾತಿಯ ಮರಗಳ ಎಳೆಗಾಯಿ. ಹಾಗೆಯೇ ಜಾಪತ್ರೆಯೊಳಗೆ ನಮ್ಮ ಕಾಡಿನ ರಾಮಪತ್ರೆಯನ್ನು ಬೆರೆಸುವುದೂ ಹಳೆಯ ಚಾಳಿ. ಸುರಗಿಯೂ ರಾಮಪತ್ರೆಯೂ ತಮ್ಮಷ್ಟಕ್ಕೆ ಬೆಲೆಯುಳ್ಳ ವಸ್ತುಗಳೇ. ದೋಷವಿರುವುದು ಒಂದರ ಹೆಸರಿನಲ್ಲಿ ಇನ್ನೊಂದನ್ನು ತೂಗುವುದರಲ್ಲಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು, ಎಂದರೆ ಅಸಲಿನಂತೆ ತೋರುವ ನಕಲನ್ನು ಮಾರುವುದನ್ನು ಸೇರಿಸಿದ್ದಾರೆ. ತೂಕದಲ್ಲಿ ಮೋಸ ಮಾಡದ ವರ್ತಕನು ಹೆಸರಿನಲ್ಲಿಯೂ ಮೋಸವಾಗದಂತೆ ನೋಡಿಕೊಳ್ಳಬೇಡವೇ? ಚೀಟಿಯಲ್ಲಿ ‘ಸುರಗಿ ಮೊಗ್ಗು’ ಎಂದು ಬರೆದು ಮಾರಿದರೆ ವ್ರತಕ್ಕೆ ಭಂಗವಿಲ್ಲ.

ಅಶೋಕದ ವಿಷಯವು ಬಸದಿಗಳ ಆಡಳಿತ ಮೊಕ್ತೇಸರರಿಗೆ ಹೆಚ್ಚು ಸಮೀಪವಾದುದು. ಪ್ರಾಕಾರದ ಗೋಡೆಯುದ್ದಕ್ಕೂ ಕಂಬದಂತೆ ನೆಟ್ಟಗೆ ಬೆಳೆದು ಎಲೆಗಳನ್ನು ಕೆಳಮುಖವಾಗಿ ಇಳಿಬಿಟ್ಟ ಮರಗಳನ್ನು ನಾವು ಅಶೋಕವೆಂದು ಕರೆಯುತ್ತೇವೆ. ಅದು ಮೊನೂನ್ ಲಾಂಗಿಫೋಲಿಯಂ, ಸೀತಾಫಲದ ಕುಟುಂಬದ ಮರ. ಹೂವು ಹಸಿರಾಗಿ ಎಲೆಯೊಳಗೆ ಮರೆಯಾಗುತ್ತದೆ. ಮಲ್ಲಿನಾಥರ ಕಂಕೇಲಿಯು ಅದಲ್ಲ. ನಿಜವಾದ ಅಶೋಕವು ಸರಾಕ ಅಶೋಕ, ದ್ವಿದಳ ಧಾನ್ಯಗಳ ಕುಟುಂಬದ್ದು. ತೊರೆಗಳ ತಂಪಿನಲ್ಲಿ ಬೆಳೆಯುತ್ತದೆ. ತಾಮ್ರವರ್ಣದ ಎಳೆಯೆಲೆಗಳು ಜೋಲುತ್ತವೆ. ಕಿತ್ತಳೆ ಬಣ್ಣದ ಗೊಂಚಲುಗಳು ದಿನ ಕಳೆದಂತೆ ಕೆಂಪಾಗುತ್ತವೆ. ಔಷಧಕ್ಕಾಗಿ ಇದರ ತೊಗಟೆಯನ್ನು ಮಿತಿಮೀರಿ ಸುಲಿದುದರಿಂದ ಕಾಡಿನಲ್ಲಿ ಇದು ವಿರಳವಾಗಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿಯೆಂದು ಸೇರಿದೆ. ತತ್ತ್ವಾರ್ಥಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದಷ್ಟೆ. ಗುಣವನ್ನು ಲೆಕ್ಕಿಸದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ನಮ್ಮ ಪ್ರಾಕಾರದ ಮರವು ನಾಮದಿಂದ ಅಶೋಕ. ಕಾಡಿನ ತೊರೆಯ ಬದಿಯಲ್ಲಿ ಹೂತಿರುವುದು ಭಾವದಿಂದ ಅಶೋಕ. ನಾಮದ ಅಶೋಕವನ್ನು ಕಡಿಯಬೇಕೆಂದು ನಾನು ಹೇಳುವುದಿಲ್ಲ; ಅದೂ ಜೀವವೇ. ಮುಂದೆ ನೆಡುವಾಗ ವಿವೇಕವಿರಲಿ ಎಂಬುದಷ್ಟೇ ವಿಜ್ಞಾಪನೆ.

ಶಾಸ್ತ್ರೀಯ ನಾಮಗಳು ಪರಕೀಯವಾದವು, ನಮ್ಮ ನಾಲಗೆಗೆ ಹೊರಳದವು ಎಂಬ ಮಾತನ್ನು ಹಿರಿಯರಿಂದ ಕೇಳಿದ್ದೇನೆ. ಅವುಗಳ ಚರಿತ್ರೆಯನ್ನು ನೋಡಿದರೆ ಆ ಸಂಕೋಚ ಉಳಿಯುವುದಿಲ್ಲ. ಸ್ವೀಡನ್ನಿನ ಲಿನೇಯಸನು ೧೭೫೩ರಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ನಿಯಮಬದ್ಧವಾಗಿ ಕೊಟ್ಟನು. ನಮ್ಮ ಕರಾವಳಿಯ ಸಸ್ಯಗಳ ವಿಷಯದಲ್ಲಿ ಅವನು ನೆಚ್ಚಿದ ಒಂದು ಮುಖ್ಯ ಆಕರವೆಂದರೆ ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ ಹೋರ್ತುಸ್ ಮಲಬಾರಿಕುಸ್. ಅದನ್ನು ಸಿದ್ಧಪಡಿಸಿದವನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆ. ಅವನಿಗೆ ಹೆಸರುಗಳನ್ನೂ ಗುಣಗಳನ್ನೂ ತಿಳಿಸಿದವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರು. ಬಕುಳದ ಶಾಸ್ತ್ರೀಯ ನಾಮವು ಮಿಮ್ಯುಸಾಪ್ಸ್ ಎಲೆಂಗಿ. ಎಲೆಂಗಿ ಎಂಬುದು ಮಲಯಾಳದ ಇಲಂಞಿ. ಇಲಂಞಿಯನ್ನೂ ನಮ್ಮ ರೆಂಜೆಯನ್ನೂ ಒಟ್ಟಿಗೆ ಉಚ್ಚರಿಸಿ ನೋಡಿದರೆ ಅಕ್ಕ ತಂಗಿಯರಂತೆ ಕೇಳಿಸುತ್ತವೆ. ಸಂಪಿಗೆಯು ಮ್ಯಾಗ್ನೋಲಿಯ ಚಂಪಕ. ಚಂಪಕವು ನಮ್ಮ ಮಾತೇ. ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕನನ್‌ನು ೧೮೦೧ರಲ್ಲಿ ಬಂಟ್ವಾಳ, ಮೂಡುಬಿದಿರೆಗಳ ದಾರಿಯಾಗಿ ಸಂಚರಿಸಿ, ಕೃಷಿ, ಕಾಡು, ಜೈನರ ವಿಚಾರಗಳನ್ನು ಬರೆದುಕೊಂಡನು. ಆ ಪ್ರವಾಸಕಥನ ೧೮೦೭ರಲ್ಲಿ ಪ್ರಕಟವಾಯಿತು. ಸುರಗಿಗೆ ‘ಸುರಿಗ’ ಎಂಬ ಊರ ಹೆಸರನ್ನೇ ಶಾಸ್ತ್ರೀಯ ನಾಮದಲ್ಲಿ ಉಳಿಸಿದವನೂ ಅವನೇ. ದಡ್ಡಾಲ್ ಮರವು ಕೇರಿಯ ಆರ್ಬೋರಿಯ; ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಕನ್ನಡದ ವ್ಯಾಕರಣವನ್ನು ಅಚ್ಚು ಹಾಕಿಸಿದ ವಿಲಿಯಂ ಕೇರಿಯ ಸ್ಮರಣೆ ಅದರಲ್ಲಿದೆ. ನಮ್ಮ ನಾಡಿನ ವೈದ್ಯರೂ ಗಿರಿವಾಸಿಗಳೂ ಹೇಳಿಕೊಟ್ಟುದು ಲೋಕವನ್ನು ಸುತ್ತಿ ಮರಳಿ ನಮ್ಮ ಬಾಗಿಲಿಗೆ ಬಂದಿದೆ. ಅದನ್ನು ಹೊರಗಿನದೆಂದು ದೂರ ತಳ್ಳುವುದು ಉಚಿತವಲ್ಲ.

ಹೆಸರಿನ ಜ್ಞಾನವು ಪ್ರಾಣದ ಪ್ರಶ್ನೆಯಾಗುವ ಒಂದು ದಿನ ನಮ್ಮ ತುಳುನಾಡಿನಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಆಟಿ ಅಮಾವಾಸ್ಯೆಯಂದು ಬೆಳಗಾಗುವ ಮೊದಲು ಪಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಬರಿಯ ಹೊಟ್ಟೆಯಲ್ಲಿ ಕುಡಿದು, ಬಳಿಕ ಮೆಂತೆಯ ಗಂಜಿ ಉಣ್ಣುವುದು ರೂಢಿ. ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿಯನ್ನು ಬಿಟ್ಟು ಓಮ, ಕರಿಮೆಣಸುಗಳನ್ನು ಹಾಕುತ್ತೇವೆ. ಈ ಪಾಲೆಯೇ ಕನ್ನಡದ ಹಾಲೆ, ಸಂಸ್ಕೃತದ ಸಪ್ತಪರ್ಣ, ಶಾಸ್ತ್ರೀಯವಾಗಿ ಆಲ್‌ಸ್ಟೋನಿಯ ಸ್ಕಾಲರಿಸ್. ಇದರ ಹಲಗೆ ಮಕ್ಕಳು ಬರೆಯುವ ಪಾಟಿಯಾಗುತ್ತಿದ್ದುದರಿಂದ ಸ್ಕಾಲರಿಸ್ ಎಂಬ ವಿದ್ಯಾಸಂಬಂಧದ ಹೆಸರು. ಕತ್ತಲೆಯಲ್ಲಿ ಹೊರಟವನು ಪಾಲೆಯೆಂದು ತಿಳಿದು ಕಾಯೆರಿನ ತೊಗಟೆಯನ್ನು ತಂದರೆ ಮನೆಮಂದಿಯ ಪ್ರಾಣಕ್ಕೇ ಅಪಾಯ. ಕಾಯೆರ್ ಅಥವಾ ಕಾಸರಕವು ಸ್ಟ್ರಿಕ್ನೋಸ್ ನಕ್ಸ್‌ವಾಮಿಕ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ನಾಯುಗಳನ್ನು ಸೆಟೆಯಿಸಿ ಕೊಲ್ಲುವ ವಿಷವಿದೆ.

ಎರಡನ್ನೂ ಹಗಲಿನಲ್ಲಿ ಗುರುತಿಸುವುದು ಕಷ್ಟವಲ್ಲ. ಪಾಲೆಯ ಎಲೆಗಳು ಗೆಣ್ಣಿನ ಸುತ್ತಲೂ ನಾಲ್ಕರಿಂದ ಏಳರವರೆಗೆ, ಕೆಲವೊಮ್ಮೆ ಹೆಚ್ಚಾಗಿ, ಛತ್ರಿಯಂತೆ ಹರಡಿರುತ್ತವೆ. ಎಲೆಯ ಪಕ್ಕದ ನರಗಳು ಒತ್ತೊತ್ತಾಗಿ ಸಮಾನಾಂತರವಾಗಿವೆ. ಗಾಯವಾದಲ್ಲಿ ಬಿಳಿಯ ಹಾಲು ಒಸರುತ್ತದೆ. ಕಾಯಿ ತೆಳ್ಳಗೆ ಉದ್ದವಾಗಿ ಜೋಡಿಯಾಗಿ ತೂಗುತ್ತದೆ. ಕಾಯೆರಿನ ಎಲೆಗಳು ಎರಡೆರಡು ಎದುರುಬದುರು; ಅಗಲವಾಗಿ ಹೊಳೆಯುತ್ತವೆ; ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ; ಹಾಲಿಲ್ಲ; ಹಣ್ಣು ಕಿತ್ತಳೆಯಂತೆ ದುಂಡಗೆ. ಹಿಂದಿನ ದಿನವೇ ಮರವನ್ನು ಹಗಲಿನಲ್ಲಿ ನೋಡಿ ಗುರುತು ಮಾಡಿ ಬರುವುದು ವಿವೇಕ. ಕಷಾಯ ಕುಡಿದ ಮೇಲೆ ಮೈ ಸೆಟೆಯುವ ಲಕ್ಷಣ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಸರಿಯಾದ ಹೆಸರೆಂದರೆ ಅಹಿಂಸೆಯೇ. ಅದು ಪಂಚೇಂದ್ರಿಯ ಜೀವವಾದ ಮನುಷ್ಯನ ರಕ್ಷಣೆ. ವಿಷ, ಔಷಧಗಳ ಸಸ್ಯಜ್ಞಾನವು ನಮ್ಮ ಪೂರ್ವಿಕರಿಗೆ ಹೊಸತಲ್ಲ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ಕನ್ನಡದಲ್ಲಿ ಬರೆದ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯ ಗ್ರಂಥವೇ ಆಗಿದೆ.

ಆಚಾರ್ಯರ ದೃಷ್ಟಿಯೂ ಸಸ್ಯಶಾಸ್ತ್ರದ ದೃಷ್ಟಿಯೂ ಒಂದೆಡೆ ಕೂಡುವ ನಿದರ್ಶನವೊಂದುಂಟು. ಶ್ರಾವಕನು ಪಂಚೋದುಂಬರ ಫಲಗಳನ್ನು ತ್ಯಜಿಸಬೇಕೆಂಬುದು ನಮಗೆ ಬಾಲ್ಯದಿಂದ ತಿಳಿದುದು. ಆಲ, ಅರಳಿ, ಅತ್ತಿ, ಬಸರಿ ನಾಲ್ಕು. ಐದನೆಯದನ್ನು ಕಾಡತ್ತಿಯೆಂದೋ ಅಂಜೂರವೆಂದೋ ವ್ಯಾಖ್ಯಾನಿಸುತ್ತಾರೆ. ಹೊರನೋಟಕ್ಕೆ ಎಲೆ, ಎತ್ತರ, ಹಣ್ಣಿನ ಗಾತ್ರ ಎಲ್ಲವೂ ಬೇರೆ. ಆದರೂ ಶಾಸ್ತ್ರಕಾರರು ಇವನ್ನು ಒಂದು ಗುಂಪಾಗಿ ಕಂಡರು. ಸಸ್ಯಶಾಸ್ತ್ರವು ಈ ಎಲ್ಲವನ್ನೂ ಫೈಕಸ್ ಎಂಬ ಒಂದೇ ಕುಲದಲ್ಲಿ ಇರಿಸಿದೆ. ಈ ಹಣ್ಣುಗಳಲ್ಲಿ ತ್ರಸಜೀವಗಳಿವೆಯೆಂದು ಆಚಾರ್ಯರು ಕಾರಣ ಕೊಟ್ಟರು. ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಅರಳಿದ ಹೂಗಳ ಗೊಂಚಲು, ಅದರ ಕಿರುಬಾಯಿಯಿಂದ ಸಣ್ಣ ಕಣಜವು ಒಳಹೊಕ್ಕು ಪರಾಗವನ್ನು ಮುಟ್ಟಿಸಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ ಎಂದು ವಿಜ್ಞಾನವು ವಿವರಿಸುತ್ತದೆ.

ಮರದ ಉಪಕಾರವನ್ನು ನಮ್ಮ ಸಮಾಜವು ಮರೆಯಲಾಗದ ಇನ್ನೊಂದು ಕಾರಣವಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ಧವಲ, ಜಯಧವಲ, ಮಹಾಬಂಧಗಳು ಉಳಿದುದು ತಾಳೆಯ ಓಲೆಯ ಮೇಲೆ. ಧವಲಾ ಟೀಕೆಯ ಮೊದಲ ಸಂಪುಟ ೧೯೩೯ರಲ್ಲಿ ಅಚ್ಚಾಗಿ ಹೊರಬರುವವರೆಗೆ ಆ ಓಲೆಗಳೇ ಅದಕ್ಕೆ ಆಧಾರ. ಅಗಲವಾದ ಓಲೆಯನ್ನು ಕೊಡುವ ಶ್ರೀತಾಳೆ, ತುಳುವಿನ ಪಣೋಲಿ, ಕೊರಿಫ ಅಂಬ್ರಾಕ್ಯುಲಿಫೆರ, ಹಲವು ದಶಕ ಬೆಳೆದು ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಬಲಿತ ಮೇಲೆ ಸಾಯುತ್ತದೆ. ಹೂಬಿಟ್ಟರೆ ಅಪಶಕುನವೆಂದು ಭಾವಿಸಿ ಅದಕ್ಕೆ ಮೊದಲೇ ಕಡಿಯುವವರಿದ್ದಾರೆ. ಬೀಜವಾಗದೆ ಮರವು ಹೇಗೆ ಉಳಿದೀತು? ಶ್ರುತಪಂಚಮಿಯಂದು ಶಾಸ್ತ್ರಪೂಜೆ ಮಾಡುವ ನಾವು ಒಂದೊಂದು ಬಸದಿಯ ಭೂಮಿಯಲ್ಲಿ ಒಂದು ಪಣೋಲಿಯನ್ನಾದರೂ ಬೆಳೆಸಿದರೆ ಅದು ಜಿನವಾಣಿಗೆ ಸಲ್ಲಿಸುವ ಋಣ.

ಈ ವಿಚಾರದಲ್ಲ�� ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸಗಳು ಹೆಚ್ಚು ವೆಚ್ಚದವಲ್ಲ. ಪ್ರಾಕಾರದ ಪ್ರತಿಯೊಂದು ಮರಕ್ಕೂ ತುಳು ಹೆಸರು, ಕನ್ನಡ–ಸಂಸ್ಕೃತ ಹೆಸರು, ಶಾಸ್ತ್ರೀಯ ನಾಮ ಈ ಮೂರನ್ನೂ ಬರೆದ ಫಲಕವನ್ನು ಇರಿಸಿರಿ. ಆದರೆ ಅದನ್ನು ಮರಕ್ಕೆ ಮೊಳೆ ಹೊಡೆದು ತೂಗಬೇಡಿರಿ, ಪಕ್ಕದಲ್ಲಿ ಗೂಟ ನೆಟ್ಟು ಕಟ್ಟಿರಿ. ತೀರ್ಥಂಕರ ವನವನ್ನು ಬೆಳೆಸುವಾಗ ಸಸಿಯನ್ನು ಶಾಸ್ತ್ರೀಯ ನಾಮದಿಂದಲೇ ಕೇಳಿ ತರಿಸಿರಿ. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮಘಟ್ಟದ ಮರಗಳನ್ನು ನೋಡಿ ಕಲಿಯುವ ಅನುಕೂಲವಿದೆ. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದೊಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಲ್ಲಿ ಮರ ಬಲ್ಲ ಹಿರಿಯರು ಯಾರೇ ಇರಲಿ, ಯಾವ ಸಮುದಾಯದವರೇ ಆಗಿರಲಿ, ಅವರನ್ನು ಗೌರವದಿಂದ ಕರೆದು, ಅವರ ಒಪ್ಪಿಗೆ ಪಡೆದು, ಅವರು ಹೇಳಿದ ಹೆಸರುಗಳನ್ನು ಬರೆದಿಡಿರಿ. ಉಪನ್ಯಾಸ ಕೊಟ್ಟ ಪಂಡಿತರಿಗೆ ಸಲ್ಲಿಸುವ ಸಂಭಾವನೆಯನ್ನು ಅವರಿಗೂ ಸಲ್ಲಿಸಿರಿ.

ನನ್ನ ಲೆಕ್ಕದ ಪುಸ್ತಕದಲ್ಲಿ ಇದುವರೆಗೆ ನೂರಕ್ಕೆ ಸ್ವಲ್ಪ ಹೆಚ್ಚು ಮರಗಳು ಸೇರಿವೆ. ಕೆಲವಕ್ಕೆ ತುಳು ಹೆಸರಿದೆ, ಶಾಸ್ತ್ರೀಯ ನಾಮವಿನ್ನೂ ನಿಶ್ಚಯವಾಗಿಲ್ಲ. ಕೆಲವಕ್ಕೆ ಶಾಸ್ತ್ರೀಯ ನಾಮವಿದೆ, ತುಳು ಹೆಸರನ್ನು ಹೇಳಬಲ್ಲವರು ದೊರೆತಿಲ್ಲ. ಎರಡನೆಯ ಬಗೆಯ ಖಾಲಿ ಮನೆಗಳೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತವೆ. ಶಾಸ್ತ್ರೀಯ ನಾಮವನ್ನು ನಾಳೆ ಪುಸ್ತಕದಲ್ಲಿ ಹುಡುಕಬಹುದು. ಊರ ಹೆಸರನ್ನು ಕೇಳಬೇಕಾದುದು ಅದನ್ನು ಬಲ್ಲವರು ಇರುವಾಗಲೇ. ವಾಚಕ ಬಂಧುಗಳು ತಮ್ಮ ಮನೆಯ ಹಿರಿಯರನ್ನೂ ತೋಟದ ಕೆಲಸಕ್ಕೆ ಬರುವವರನ್ನೂ ಈ ಮಳೆಗಾಲದಲ್ಲಿಯೇ ಕೇಳಿ ಬರೆದಿಡಬೇಕೆಂದು ವಿನಯಪೂರ್ವಕ ಪ್ರಾರ್ಥನೆ.